ಮಾಳಿಗೆಯ ಮೇಲೆ ತೋಟ, ಕೆಳಗಿನ ಕೋಣೆಯಲ್ಲಿ ತೇವ: ನೀರಿನ ದಾರಿ ಹುಡುಕುವ ಬಗೆ

ಛತ್ತಿನ ಮೇಲೆ ಮಣ್ಣು ಹರಡಿ ಹಸಿರು ಬೆಳೆಸಿದವರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಕೇಳಿಬರುತ್ತದೆ: "ಮ್ಯಾಲ ನೋಡ್ರಿ, ಕಲಿ ಬಿದ್ದದ." ತಲೆ ಎತ್ತಿ ನೋಡಿದರೆ ಕೋಣೆಯ ಮೂಲೆಯಲ್ಲಿ, ಜೋಳದ ರೊಟ್ಟಿಯಷ್ಟು ಅಗಲಕ್ಕೆ ಕಂದು ಕಲೆ. ಆಮೇಲೆ ಮನೆಗೆ ಬಂದುಹೋಗುವ ಎಲ್ಲರದ್ದೂ ಒಂದೇ ಸಲಹೆ. "ಮಣ್ಣು ತಗದು ಒಗೀರಿ."

ಈ ಬರಹ ಆ ದಿನಕ್ಕೆ. ಮಣ್ಣಿಗೆ ಸಲಿಕೆ ಹಾಕುವ ಮೊದಲು ಏನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು ಎಂದು ಹೇಳುತ್ತೇನೆ. ಕಲಬುರಗಿಯ ನಮ್ಮ ಮನೆಯ ಮೇಲೆ ಸುಮಾರು 600 ಚದರ ಅಡಿ ಹಸಿರು ಮಾಳಿಗೆ ಮಾಡಿದ್ದೇನೆ. ಎರಡನೇ ಮಳೆಗಾಲದಲ್ಲಿ ಸೋರಿತು. ಕಾರಣ ಹುಡುಕದೆ ಅರ್ಧ ಮಣ್ಣು ಎತ್ತಿಸಿ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿದೆ. ದುಡ್ಡು ಹೋಯಿತು, ಬೆಳೆದ ಗಿಡ ಹೋಯಿತು. ಮುಂದಿನ ವರ್ಷ ಅದೇ ಜಾಗದಲ್ಲಿ ಅದೇ ಕಲೆ. ಆಗ ಕೂತು, ಗುರುತು ಹಾಕಿ, ಒಂದೊಂದೇ ನೋಡುತ್ತಾ ಹೋದ ಮೇಲೆ ತಪ್ಪು ಎಲ್ಲಿದೆ ಎಂದು ಸಿಕ್ಕಿತು.

ನಮ್ಮ ಭಾಗದಲ್ಲಿ ಮಾಳಿಗೆ ಮೇಲೆ ಮಣ್ಣು ಹೊಸದೇನಲ್ಲ, ಅಲ್ವಾ? ಹಳೆಯ ಮನೆಗಳದ್ದು ಮಣ್ಣಿನ ಮಾಳಿಗೆಯೇ. ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣು. ಮಿರಗದ (ಮೃಗಶಿರಾ) ಮಳೆಗೆ ಮುಂಚೆ ಹೊಸ ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತಿದ್ದರು. ಹುಲ್ಲು ಹುಟ್ಟಿದರೆ ಕಿತ್ತು ಹಾಕುತ್ತಿದ್ದರು. ಬೇರು ಇಳಿದ ಕಡೆ ನೀರು ಇಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ಮಣ್ಣು ನೀರನ್ನು ಒಳಗೆ ಬಿಡದೆ ಮೇಲಿಂದಲೇ ಜಾರಿಸುತ್ತಿತ್ತು. ನಾವು ಈಗ ಹಾಕುವ ಮಣ್ಣು ನೀರು ಕುಡಿಯಬೇಕು. ಕುಡಿದು ಉಳಿದ ನೀರನ್ನು ತನ್ನ ಅಡಿಯಿಂದ ಹೊರಗೆ ಬಿಡಬೇಕು. ಆ ಹೊರದಾರಿ ಕಟ್ಟಿಕೊಂಡರೆ ಎಂಥಾ ವಾಟರ್‌ಪ್ರೂಫಿಂಗ್ ಆದರೂ ಒಂದು ದಿನ ಸೋಲುತ್ತದೆ. ನಾನು ನೋಡಿದ ಮಾಳಿಗೆಗಳಲ್ಲಿ ಹೆಚ್ಚಿನ ತೊಂದರೆ ಇದೇ.

ಮೊದಲು ಭಾರದ ಮಾತು

ಸೋರಿಕೆ ಹುಡುಕುವ ಮುಂಚೆ ಛತ್ತು ಭದ್ರವಾಗಿದೆಯೇ ಎಂದು ನೋಡಿ. ಕೆಳಗಿನಿಂದ ಕೋಲಿನಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ, ಗಿಲಾವು ಉದುರುತ್ತಿದ್ದರೆ, ಕಲೆಯ ಬಣ್ಣ ಇಟ್ಟಿಗೆ ಕೆಂಪಾಗಿ ಒಂದು ನೇರ ಗೆರೆಯಲ್ಲಿ ಸಾಗಿದ್ದರೆ, ಒಳಗಿನ ಕಬ್ಬಿಣ ತುಕ್ಕು ಹಿಡಿದಿರಬಹುದು. ಹಾಗಿದ್ದರೆ, ಇಲ್ಲವೇ ಹೊಸ ಬಿರುಕು ಕಂಡರೆ, ಛತ್ತು ನಡುವೆ ಬಾಗಿದಂತೆ ಕಂಡರೆ, ಮುಂದೆ ಓದಬೇಡಿ. ಆ ಕೋಣೆಯಲ್ಲಿ ಮಲಗುವುದು ಬಿಡಿ. ಮೇಲಿನ ಮಣ್ಣು ಇಳಿಸಿ, ಕಟ್ಟಡದ ಎಂಜಿನಿಯರ್ ಒಬ್ಬರನ್ನು ಕರೆಸಿ.

ಮನೆ ಕಬ್ಬಿಣದ ಗರ್ಡರ್ ಮೇಲೆ ಶಹಾಬಾದ್ ಫರ್ಸಿ ಹಾಸಿದ ಛತ್ತಿನದ್ದಾಗಿದ್ದರೆ ಮಣ್ಣು ಹಾಕಲೇಬೇಡಿ. ನಮ್ಮ ಕಡೆ ಇಂಥ ಮನೆ ಬಹಳ. ಫರ್ಸಿ ಕಲ್ಲು ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಮುರಿಯುತ್ತದೆ. ಅಲ್ಲಿ ಕೆಳಗೆ ಗೋಡೆ ಇರುವ ಜಾಗದ ನೇರ ಮೇಲೆ, ಛತ್ತಿನ ಮೇಲೆ ಕುಂಡ ಇಟ್ಟುಕೊಂಡರೆ ಸಾಕು.

ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಛತ್ತಾದರೂ ಲೆಕ್ಕ ಬೇಕು. ಓಡಾಡುವ ಸಪಾಟು ಛತ್ತಿಗೆ ಕಟ್ಟಡದ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875 ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋ ನ್ಯೂಟನ್. ಅಂದರೆ ಸುಮಾರು 150 ಕೆ.ಜಿ. ಚದರ ಅಡಿಗೆ ಹೇಳುವುದಾದರೆ 14 ಕೆ.ಜಿ. ನಿಮ್ಮ ಮಣ್ಣು ಎಷ್ಟು ತೂಗುತ್ತದೆ ಎಂದು ಮನೆಯಲ್ಲೇ ನೋಡಬಹುದು. 10 ಲೀಟರಿನ ಬಕೀಟಿನ ತಳಕ್ಕೆ ತೂತು ಹಾಕಿ, ಮಣ್ಣು ತುಂಬಿ, ಚೆನ್ನಾಗಿ ನೀರು ಕುಡಿಸಿ, ಹನಿ ನಿಂತ ಮೇಲೆ ತೂಗಿ. 4 ಇಂಚು ದಪ್ಪ ಹಾಸಿದರೆ ಒಂದು ಚದರ ಅಡಿಗೆ ಹೆಚ್ಚುಕಡಿಮೆ ಒಂದು ಬಕೀಟು ಮಣ್ಣು ಹೋಗುತ್ತದೆ. ಹಾಗಾಗಿ ಬಕೀಟಿನ ತೂಕವೇ ಚದರ ಅಡಿಯ ತೂಕ ಎಂದುಕೊಳ್ಳಿ. ನಮ್ಮ ಹೊಲದ ಎರೆಮಣ್ಣು 18 ಕೆ.ಜಿ. ತೂಗಿತು. ಇಟ್ಟಿಗೆ ಚೂರು, ತೆಂಗಿನ ನಾರಿನ ಪುಡಿ, ಗೊಬ್ಬರ ಬೆರೆಸಿದ ಮಣ್ಣು 11 ಕೆ.ಜಿ. ಮೇಲೆ ಮನುಷ್ಯರೂ ಓಡಾಡಬೇಕಲ್ಲ. ಎರೆಮಣ್ಣು ಒದ್ದೆಯಾದರೆ 4 ಇಂಚಿಗೇ ಲೆಕ್ಕ ಮೀರಿತು.

ಕೆಳಗಿನಿಂದಲೇ ಶುರು ಮಾಡಿ: ಒಂದು ಪೆನ್ಸಿಲ್ ಸಾಕು

ಭದ್ರತೆಯ ಭಯ ಇಲ್ಲ ಎಂದಾದ ಮೇಲೆ ಸ್ಟೂಲ್ ಹತ್ತಿ, ಕಲೆಯ ಅಂಚಿನ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು, ಹೊತ್ತು ಬರೆಯಿರಿ. ಮಳೆ ಬಂದಾಗ, ಗಿಡಕ್ಕೆ ನೀರು ಬಿಟ್ಟಾಗ, ನಳದ ನೀರು ಬಂದ ದಿನ, ಮತ್ತೆ ನೋಡಿ. ಕಲೆ ದೊಡ್ಡದಾಗಿದ್ದರೆ ಇನ್ನೊಂದು ಗೆರೆ. ನಮ್ಮ ಮುಂದಿನ ಕೋಣೆಯ ಛತ್ತಿನಲ್ಲಿ ಒಂದು ತಿಂಗಳಲ್ಲಿ ಏಳು ಗೆರೆಗಳಾದವು, ಒಂದರ ಸುತ್ತ ಒಂದು, ಮರದ ಕೊರಡಿನ ಉಂಗುರದ ಹಾಗೆ. ಬಂದವರು ಏನಿದು ಎಂದು ಕೇಳುತ್ತಿದ್ದರು. ಅದರಿಂದ ಸಿಕ್ಕಷ್ಟು ಉತ್ತರ ಯಾವ ಗೌಂಡಿಯಿಂದಲೂ ಸಿಕ್ಕಿರಲಿಲ್ಲ.

ಹೊತ್ತು ಬಹಳ ಮುಖ್ಯ. ಜೋರು ಮಳೆ ಬಂದು ಅರ್ಧ ಗಂಟೆ, ಒಂದು ಗಂಟೆಯಲ್ಲೇ ತೇವ ಕಂಡರೆ ಆ ನೀರು ಹೆಚ್ಚಾಗಿ ಮಣ್ಣಿನ ಮೂಲಕ ಬಂದಿರುವುದಿಲ್ಲ. ಬಿರುಕಿಲ್ಲದ ಮಣ್ಣು ಸಾಮಾನ್ಯವಾಗಿ ಅಷ್ಟು ಬೇಗ ಬಿಡುವುದಿಲ್ಲ. ಛತ್ತಿನ ಅಂಚಿನ ಕೈಪಿಡಿ ಗೋಡೆಯ (ಪ್ಯಾರಾಪೆಟ್) ಬಿರುಕು, ಮೆಟ್ಟಿಲ ಕೋಣೆಯ ಗೋಡೆ, ನೀರಿನ ಪೈಪು ಛತ್ತಿನೊಳಗೆ ಇಳಿಯುವ ಜಾಗ, ಇವುಗಳ ಮೇಲೆ ಅನುಮಾನ ಇಡಿ. ಮಳೆ ನಿಂತು ನಾಲ್ಕೈದು ಗಂಟೆ ಕಳೆದ ಮೇಲೆ ಶುರುವಾಗಿ, ಮರುದಿನ ಬಿಸಿಲಿದ್ದರೂ ಕಲೆ ಬೆಳೆಯುತ್ತಿದ್ದರೆ ಮಣ್ಣಿನಡಿಯಲ್ಲಿ ನೀರು ನಿಂತಿದೆ. ಮಳೆಯೇ ಇಲ್ಲದ ಬೇಸಿಗೆಯಲ್ಲೂ ತೇವ ಆರದಿದ್ದರೆ ಟ್ಯಾಂಕ್, ಅದರ ಪೈಪು, ಇಲ್ಲವೇ ಮಣ್ಣಿನೊಳಗೆ ಹುದುಗಿದ ಹನಿ ನೀರಾವರಿಯ ಕೊಳವೆ ನೋಡಿ.

ಟ್ಯಾಂಕಿನ ವಿಷಯ ಸುಮ್ನೆ ಹೇಳುತ್ತಿಲ್ಲ. ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ಮೋಟಾರ್ ಹಚ್ಚಿ ಎಲ್ಲ ತುಂಬಿಸಿಕೊಳ್ಳುವ ಗಡಿಬಿಡಿ. ಟ್ಯಾಂಕ್ ತುಂಬಿ ಹೊರಚೆಲ್ಲಿದ್ದು ಯಾರ ಗಮನಕ್ಕೂ ಬರುವುದಿಲ್ಲ. ನಮ್ಮ ಓಣಿಯಲ್ಲೇ ಒಂದು ಮನೆಯವರು ತೋಟದಿಂದ ಸೋರುತ್ತಿದೆ ಎಂದು ಎರಡು ವರ್ಷ ನಂಬಿದ್ದರು. ಗೆರೆ ಎಳೆದು ತಾರೀಖು ಬರೆದ ಮೇಲೆ ನೋಡಿದರೆ, ಕಲೆ ಬೆಳೆದ ದಿನಗಳೆಲ್ಲಾ ನೀರು ಬಂದ ದಿನಗಳೇ. ಟ್ಯಾಂಕಿಗೆ ಒಂದು ತೇಲುಗುಂಡಿನ ವಾಲ್ವ್ ಹಾಕಿಸಿದರು, ಮುಗಿಯಿತು.

ಇನ್ನೊಂದು ಸಣ್ಣ ಪರೀಕ್ಷೆ. ಅಡುಗೆ ಮನೆಯ ಮೇಲೆ ತೋಟ ಇದ್ದರೆ ಛತ್ತು ತಂಪಾಗಿರುತ್ತದೆ. ಮಳೆಗಾಲದಲ್ಲಿ ಒಲೆಯ ಹಬೆ ಅದಕ್ಕೆ ತಾಗಿ ಬೆವರಬಹುದು. ಕಲೆಯ ಜಾಗವನ್ನು ಒರೆಸಿ, 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹನಿ ಹಾಳೆಯ ಹೊರಮೈಯಲ್ಲಿ, ಕೋಣೆಯ ಕಡೆಗೆ ಇದ್ದರೆ ಅದು ಹಬೆ. ಹಾಳೆಯ ಒಳಗೆ, ಛತ್ತಿನ ಕಡೆಗೆ ಇದ್ದರೆ ನೀರು ಮೇಲಿಂದಲೇ ಬರುತ್ತಿದೆ.

ಕಲೆಯ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದನ್ನೂ ಓದಬಹುದು. ಬಣ್ಣ, ಪುಟ್ಟಿ ಬೆರೆಯದಂತೆ, ಮೇಲೆ ಬೆಳೆದು ನಿಂತ ಪುಡಿಯನ್ನಷ್ಟೇ ಕೆರೆದುಕೊಳ್ಳಿ. ಒಂದು ಚಿಟಿಕೆ ನೀರಿಗೆ ಹಾಕಿ ಕಲಕಿ. ಕರಗಿಹೋದರೆ ಅದು ನೀರಿನ ಅಥವಾ ಇಟ್ಟಿಗೆಯ ಉಪ್ಪು. ಕರಗದಿದ್ದರೆ ನಿಂಬೆರಸ ಹಿಂಡಿ. ಬುರುಬುರು ನೊರೆ ಎದ್ದರೆ ಅದು ಕಾಂಕ್ರೀಟಿನ ಒಳಗಿನ ಸುಣ್ಣ. ನೀರು ಬಹಳ ದಿನಗಳಿಂದ ಸ್ಲ್ಯಾಬಿನ ಒಳಗಿಂದಲೇ ದಾರಿ ಮಾಡಿಕೊಂಡು, ಸುಣ್ಣವನ್ನು ಕರಗಿಸಿ ಹೊರಗೆ ತಂದಿದೆ. ಬಣ್ಣ ಬಳಿದು ಮುಚ್ಚುವ ಕೆಲಸ ಇದಲ್ಲ.

ಕಲೆ ಇರುವ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಎಂದು ಮಾತ್ರ ನಂಬಬೇಡಿ. ಸ್ಲ್ಯಾಬಿನೊಳಗೆ ವೈರಿನ ಪೈಪುಗಳಿವೆ, ಕಾಂಕ್ರೀಟು ಹಾಕುವಾಗ ಉಳಿದ ಸಂದುಗಳಿವೆ. ನೀರು ಅವುಗಳಲ್ಲಿ ಹರಿದು ಆರೇಳು ಅಡಿ ದೂರದಲ್ಲಿ ಇಣುಕಬಹುದು. ಫ್ಯಾನಿನ ಕೊಕ್ಕೆಯಿಂದಲೋ ದೀಪದ ಪೆಟ್ಟಿಗೆಯಿಂದಲೋ ಹನಿ ಬಿದ್ದರೆ ಮೊದಲು ಆ ಕೋಣೆಯ ಕರೆಂಟ್ ತೆಗೆಯಿರಿ.

ನೀರು ಹೊರಗೆ ಹೋಗುವ ಬಾಯಿ

ಈಗ ಮೇಲೆ ಹೋಗೋಣ. ಮೊದಲು ಪೈಪಿನ ಬಾಯಿ. ಗಿಡ, ಮಣ್ಣು, ಹಾಳೆ ಎಲ್ಲ ಆಮೇಲೆ.

ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ನಮ್ಮ 600 ಚದರ ಅಡಿ ಅಂದರೆ ಸುಮಾರು 56 ಚದರ ಮೀಟರ್. 50 ಮಿ.ಮೀ. ಮಳೆ ಹೊಡೆದರೆ 2,800 ಲೀಟರ್. ಮಣ್ಣು ಸ್ವಲ್ಪ ಕುಡಿಯುತ್ತದೆ, ನಿಜ. ಆದರೆ ಮಳೆಗಾಲದ ಕೊನೆಯ ಕಡೆ ಹುಬ್ಬಿ, ಉತ್ತರಿ ಮಳೆ ಬರುವ ಹೊತ್ತಿಗೆ ಮಣ್ಣು ಹೊಟ್ಟೆ ತುಂಬಿಕೊಂಡೇ ಇರುತ್ತದೆ. ಬಂದಷ್ಟೂ ಪೈಪಿನ ಬಾಯಿಗೇ ಹೋಗಬೇಕು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗಿನ ಮಳೆ ನೋಡಿದವರಿಗೆ, ಮಳೆ ಕಡಿಮೆ ಬೀಳುವ ನಾಡು ಎಂದು ಸಣ್ಣ ಪೈಪು ಇಡುವ ಧೈರ್ಯ ಬರಲಾರದು.

ನಮ್ಮ ಮನೆಯಲ್ಲಿ ಪೆನ್ಸಿಲ್ ಗೆರೆ ಹೇಳಿದ್ದು ಇದು: ಮಳೆ ನಿಂತು ಐದು ಗಂಟೆಯ ಮೇಲೆ ಕಲೆ ಹಿಗ್ಗುತ್ತದೆ, ಎರಡು ದಿನ ಹಿಗ್ಗಿ ನಿಲ್ಲುತ್ತದೆ. ಅಂದರೆ ಅಡಿಯಲ್ಲಿ ನೀರು ನಿಲ್ಲುತ್ತಿದೆ. ನಿಜವಾಗಿ ನಿಲ್ಲುತ್ತಿದೆಯೇ ಎಂದು ನೋಡಲು 2 ಇಂಚಿನ ಪಿವಿಸಿ ಪೈಪಿನ ಒಂದು ತುಂಡು ತೆಗೆದುಕೊಂಡೆ. ಕೆಳಗಿನ ಮೂರು ಇಂಚಿಗೆ ಸುತ್ತ ತೂತು ಕೊರೆದೆ. ಕೈಯಿಂದ ಮಣ್ಣು ಬಿಡಿಸಿ, ಮಣ್ಣಿನಡಿ ಹಾಸಿದ ಸೋಸುವ ಬಟ್ಟೆಹಾಳೆಯಲ್ಲಿ ಅಷ್ಟಗಲ ಕತ್ತರಿಸಿ, ಅದರ ಅಡಿಯ ಖಡಿಯ (ಜಲ್ಲಿಯ) ಪದರಕ್ಕೆ ತಾಗುವಂತೆ ಪೈಪನ್ನು ನಿಲ್ಲಿಸಿದೆ. ಬಾಯಿಗೆ ಮುಚ್ಚಳ. ಮಳೆ ನಿಂತ ಮೇಲೆ ಅದರೊಳಗೆ ಒಣಗಿದ ಜೋಳದ ದಂಟು ಇಳಿಸಿ ಮೇಲೆ ತೆಗೆದರೆ ಒದ್ದೆ ಎಲ್ಲಿಯವರೆಗೆ ಎಂದು ಸ್ಪಷ್ಟವಾಗಿ ಕಾಣುತ್ತದೆ.

ಆರು ಗಂಟೆ ಕಳೆದ ಮೇಲೂ ದಂಟು ನಾಲ್ಕೂವರೆ ಇಂಚು ಒದ್ದೆ ಇತ್ತು. ನಮ್ಮ ಕೈಪಿಡಿ ಗೋಡೆಯ ಬುಡಕ್ಕೆ ವಾಟರ್‌ಪ್ರೂಫಿಂಗ್ ಏರಿದ್ದು ಬರೀ ನಾಲ್ಕು ಇಂಚು. ಅದರ ಮೇಲೆ ಬರೀ ಇಟ್ಟಿಗೆ, ಗಿಲಾವು. ನಿಂತ ನೀರು ಆ ಅರ್ಧ ಇಂಚು ಮೇಲೇರಿ, ಗೋಡೆಯೊಳಗೆ ಹೊಕ್ಕು, ವಾಟರ್‌ಪ್ರೂಫಿಂಗ್ ಪದರದ ಹಿಂದಿನಿಂದ ಸ್ಲ್ಯಾಬಿಗೆ ಇಳಿಯುತ್ತಿತ್ತು. ಸ್ಲ್ಯಾಬಿನ ಮೇಲೆ ಮತ್ತೊಮ್ಮೆ ವಾಟರ್‌ಪ್ರೂಫಿಂಗ್ ಬಳಿದರೂ ಯಾಕೆ ನಿಲ್ಲಲಿಲ್ಲ ಎಂದು ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಪೈಪಿನ ಬಾಯಿಯ ಸುತ್ತ ಎರಡು ಅಡಿ ಮಣ್ಣು ಬಿಡಿಸಿದೆ. ಮೇಲಿನ ಖಡಿ ಚೆನ್ನಾಗಿಯೇ ಇತ್ತು. ಕೈ ಕೆಳಗೆ ಹೋದಂತೆ ಖಡಿ ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಬೆಣ್ಣೆಯ ಹಾಗೆ ನುಣುಪಾದ ಕಪ್ಪು ಕೆಸರು. ಅದರಲ್ಲಿ ಕೂದಲಿನಂಥ ಎಳೆಗಳು. ಹಿಂಡಿದರೆ ಕೊಳೆತ ವಾಸನೆ. ಅವು ಗೋಣಿ ಚೀಲದ ಎಳೆಗಳು. ಮಣ್ಣು ಕೆಳಗೆ ಇಳಿಯದಿರಲಿ ಎಂದು ಕೆಲಸದವರು ಆ ಜಾಗದಲ್ಲಿ ಸೋಸುವ ಬಟ್ಟೆಹಾಳೆಯ ಬದಲು ಎರಡು ಗೋಣಿ ಚೀಲ ಹಾಸಿದ್ದರು. ನಾನೂ ಆಗ ಪರವಾಗಿಲ್ಲ ಎಂದಿದ್ದೆ. ಗೋಣಿ ಸೆಣಬಿನದು. ಒದ್ದೆ ಮಣ್ಣಿನಡಿ ಒಂದೆರಡು ಮಳೆಗಾಲದಲ್ಲಿ ಕೊಳೆತು ಮಣ್ಣಾಗುತ್ತದೆ. ಅದು ಕೊಳೆತ ಮೇಲೆ ನುಣ್ಣನೆ ಮಣ್ಣೆಲ್ಲ ಖಡಿಯೊಳಗೆ ಇಳಿದು ಬಾಯಿಗೆ ಬಿರಡೆ ಹಾಕಿದಂತಾಗಿತ್ತು. ಹಳೆಯ ಹತ್ತಿ ಸೀರೆ ಹಾಸುವವರಿದ್ದಾರೆ. ಅದರ ಗತಿಯೂ ಇದೇ.

ಸರಿಪಡಿಸಿದ ರೀತಿ ಹೀಗೆ. ಪೈಪಿನ ಬಾಯಿಯ ಸುತ್ತ ಒಂದೂವರೆ ಅಡಿ ಚೌಕಕ್ಕೆ ಇಟ್ಟಿಗೆಗಳನ್ನು ಸಿಮೆಂಟ್ ಇಲ್ಲದೆ, ನಡುವೆ ಬೆರಳಗಲ ಸಂದು ಬಿಟ್ಟು ಜೋಡಿಸಿದೆ. ಹೊರಗಿನ ಸುತ್ತ ನೇಯದ ಪಾಲಿಪ್ರೊಪಿಲೀನ್ ಬಟ್ಟೆಹಾಳೆ. ಬಾಯಿಗೆ ಗೋಪುರದಂಥ ಜಾಲರಿ, ಸಪಾಟು ಜಾಲರಿ ಬೇಡ, ಒಂದು ಎಲೆ ಬಿದ್ದರೂ ಮುಚ್ಚುತ್ತದೆ. ಮೇಲೆ ಎತ್ತಿ ನೋಡಲು ಬರುವಂಥ ಫರ್ಸಿ ತುಂಡು. ಕೈಪಿಡಿ ಗೋಡೆಯ ಉದ್ದಕ್ಕೂ ಒಂದು ಅಡಿ ಅಗಲ ಮಣ್ಣು ತೆಗೆದು ಖಡಿ ತುಂಬಿದೆ. ಗೋಡೆಯ ಬುಡದ ವಾಟರ್‌ಪ್ರೂಫಿಂಗನ್ನು ಮಣ್ಣಿನ ಮಟ್ಟಕ್ಕಿಂತ 6 ಇಂಚು ಮೇಲಕ್ಕೆ ಏರಿಸಿದೆ. ಮತ್ತು ಇನ್ನೊಂದು ಬಾಯಿ. ಮೊದಲನೆಯದು ಕಟ್ಟಿಕೊಂಡರೆ ನೀರು ಹೊರಬೀಳಲಿ ಎಂದು, ಸ್ಲ್ಯಾಬಿನಿಂದ ಎರಡು ಇಂಚು ಎತ್ತರದಲ್ಲಿ ಕೈಪಿಡಿ ಗೋಡೆಗೆ ಕೊಳವೆ ಇಟ್ಟು ಅಂಗಳದ ಕಡೆಗೆ ಚಾಚಿದೆ. ಆ ಕೊಳವೆಯಿಂದ ನೀರು ಬೀಳುವುದು ಕಂಡರೆ ಕೆಳಗಿನ ಬಾಯಿ ತೆಗೆದು ನೋಡುವ ಹೊತ್ತು ಬಂತು ಎಂದು ಮನೆಯ ಮಕ್ಕಳಿಗೂ ಗೊತ್ತು.

ದಂಟಿನಲ್ಲಿ ಒದ್ದೆ ಕಾಣದಿದ್ದರೆ?

ಆಗ ನೀರು ನಿಲ್ಲುತ್ತಿಲ್ಲ. ತೂತು ಬೇರೆಲ್ಲೋ ಇದೆ. ಮಣ್ಣು ತೆಗೆಯದೆಯೇ ಹುಡುಕಲು ಒಂದು ದಾರಿ ಇದೆ. ತಾಳ್ಮೆ ಬೇಕು, ಅಷ್ಟೇ.

ಮಳೆ ಇಲ್ಲದ ವಾರ ಆರಿಸಿಕೊಳ್ಳಿ. ಕಲೆ ಪೂರ್ತಿ ಒಣಗಲಿ. ಮಾಳಿಗೆಯನ್ನು ಮನಸ್ಸಿನಲ್ಲೇ ನಾಲ್ಕೈದು ಪಾಲು ಮಾಡಿ. ಇಳಿಜಾರಿನ ಕೆಳಗಿನ ಪಾಲಿಗೆ ಮೊದಲು ಪೈಪಿನಿಂದ ಒಂದು ಗಂಟೆ ನೀರು ಬಿಡಿ. ಒಂದು ದಿನ ಕಾಯಿರಿ. ಕಲೆ ಕಾಣದಿದ್ದರೆ ಅದರ ಮೇಲಿನ ಪಾಲು. ಮೇಲಿನಿಂದ ಶುರು ಮಾಡಿದರೆ ನೀರು ಕೆಳಗಿನ ಪಾಲುಗಳನ್ನೆಲ್ಲಾ ದಾಟಿ ಹರಿಯುತ್ತದೆ, ಯಾವುದು ಎಂದು ತಿಳಿಯುವುದಿಲ್ಲ. ಯಾವ ಪಾಲಿಗೆ ನೀರು ಬಿಟ್ಟಾಗ ಕಲೆ ಬಂತೋ ಅಷ್ಟನ್ನೇ ತೆರೆದರಾಯಿತು. ಪೂರಾ ತೋಟ ಉಳಿಯುತ್ತದೆ.

ಪೈಪು ಮತ್ತು ಸ್ಲ್ಯಾಬ್ ಸೇರುವ ಸಂದನ್ನು ಬೇರೆಯಾಗಿ ಪರೀಕ್ಷಿಸಿ. ಪೈಪಿನ ಒಳಗೆ ಕೆಳಗಡೆ ಬಟ್ಟೆ ತುರುಕಿ, ಮಿಠಾಯಿಗೆ ಹಾಕುವ ಕೆಂಪು ಬಣ್ಣ ಕದಡಿದ ನೀರನ್ನು ಬಾಯಿಯ ಸುತ್ತಲಿನ ಬಯಲು ಜಾಗದಲ್ಲಿ ನಿಲ್ಲಿಸಿ. ಕೆಳಗೆ ಕೆಂಪು ಕಂಡರೆ ಅದೇ ಸಂದು. ಈ ಬಣ್ಣವನ್ನು ಮಣ್ಣಿನ ಮೇಲೆ ಸುರಿದು ಪ್ರಯೋಜನವಿಲ್ಲ, ಮಣ್ಣು ಬಣ್ಣ ಹಿಡಿದಿಟ್ಟುಕೊಳ್ಳುತ್ತದೆ.

ಮಣ್ಣು ತೆರೆದ ಪಾಲಿನಲ್ಲಿ ನೀರು ನಿಲ್ಲಿಸಿ ನೋಡುವುದಾದರೆ ಸುತ್ತ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ ಒಂದು ಇಂಚು ನಿಲ್ಲಿಸಿ, ಎರಡು ದಿನ ಬಿಡಿ. ಒಂದು ಇಂಚು ನೀರೆಂದರೆ ಚದರ ಮೀಟರಿಗೆ 25 ಕೆ.ಜಿ. ಎಂಬುದು ನೆನಪಿರಲಿ. ಪಕ್ಕದಲ್ಲೇ ಒಂದು ತಟ್ಟೆಯಲ್ಲಿ ಅಷ್ಟೇ ಆಳದ ನೀರಿಡಿ. ನಮ್ಮ ಬಿಸಿಲಿಗೆ ತಟ್ಟೆಯ ನೀರೂ ಇಳಿಯುತ್ತದೆ. ತಟ್ಟೆಗಿಂತ ಜಾಸ್ತಿ ಇಳಿದಷ್ಟೇ ಸೋರಿಕೆ. ಇದನ್ನು ನೋಡದೆ, ನೀರು ಇಳಿಯಿತು ಎಂದಷ್ಟೇ ಹೇಳಿ ಹೊಸ ಕೆಲಸ ಹೇರುವವರಿದ್ದಾರೆ. ತಟ್ಟೆ ಇಟ್ಟುಕೊಂಡೇ ಮಾತಾಡಿ.

ಎರೆಮಣ್ಣಿನ ತೊಂದರೆ

ಮೇಲ್ಗಡೆ ಮಣ್ಣಿನ ಮೇಲೇ ನೀರು ಕೆರೆಯಂತೆ ನಿಂತು, ಅಡಿಯ ದಂಟು ಒಣಗಿದ್ದರೆ ತಪ್ಪು ಮಣ್ಣಿನದು. ಹೊಲದ ಎರೆಮಣ್ಣು ತೊಗರಿಗೆ, ಜೋಳಕ್ಕೆ ಬಂಗಾರ. ಅಲ್ಲಿ ಅದಕ್ಕೆ ಆಳ ಇದೆ. ನಾಲ್ಕು ಇಂಚು ಹಾಸಿನಲ್ಲಿ ಅದೇ ಗುಣ ತೊಂದರೆಯಾಗುತ್ತದೆ. ಒದ್ದೆಯಾದರೆ ಉಬ್ಬಿ ಸಂದು ಮುಚ್ಚುತ್ತದೆ, ಒಣಗಿದರೆ ಬಿರಿಯುತ್ತದೆ. ಬಿರಿದಾಗ ಮೊದಲ ಮಳೆ ಬಿರುಕಿನಲ್ಲಿ ನೇರ ಕೆಳಗಿಳಿಯುತ್ತದೆ, ಬೇರಿಗೆ ದಕ್ಕುವುದಿಲ್ಲ.

ಗಾಜಿನ ಬಾಟ್ಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು ಹಾಕಿ ಜೋರಾಗಿ ಅಲ್ಲಾಡಿಸಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ಒಂದು ದಿನ ಕಳೆದರೂ ನೀರು ಕದಡಿಯೇ ಇದ್ದರೆ ಆ ಮಣ್ಣಿನಲ್ಲಿ ಜಿಗುಟು ಜಾಸ್ತಿ. ಅದೇ ನುಣುಪು ಬಟ್ಟೆಹಾಳೆಯ ರಂಧ್ರಗಳನ್ನೂ ಮುಚ್ಚುತ್ತದೆ. ಹಾಳೆಯ ಒಂದು ತುಂಡು ಕತ್ತರಿಸಿ ಲೋಟದ ಬಾಯಿಗೆ ಕಟ್ಟಿ ನೀರು ಸುರಿದು ನೋಡಿ. ಇಳಿಯದಿದ್ದರೆ ಹಾಳೆ ಬದಲಿಸಬೇಕು, ತೊಳೆದರೆ ಆಗುವುದಿಲ್ಲ.

ನಾನು ಈಗ ಬಳಸುವುದು ಕಡಲೆ ಕಾಳಿನ ಗಾತ್ರಕ್ಕೆ ಒಡೆದ ಇಟ್ಟಿಗೆ ಚೂರು 4 ಪಾಲು, ತೊಳೆದ ತೆಂಗಿನ ನಾರಿನ ಪುಡಿ 3 ಪಾಲು, ಚೆನ್ನಾಗಿ ಕಳಿತ ಗೊಬ್ಬರ 2 ಪಾಲು, ಬೀದರ್ ಕಡೆಯ ಕೆಂಪು ಮಣ್ಣು 1 ಪಾಲು. ದಾಲ್ ಮಿಲ್‌ನಲ್ಲಿ ಸಿಗುವ ತೊಗರಿ ಹೊಟ್ಟು ಹಗುರ ಎಂದು ಹಸಿಯಾಗಿಯೇ ಬೆರೆಸಬೇಡಿ. ಅದು ಕೊಳೆಯುವಾಗ ಬಿಸಿಯಾಗುತ್ತದೆ, ಮುದ್ದೆ ಕಟ್ಟುತ್ತದೆ, ಕೆಲವು ತಿಂಗಳಲ್ಲಿ ಮಣ್ಣಿನ ಮಟ್ಟ ಕುಸಿಯುತ್ತದೆ. ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಿಕೊಂಡು ಹಾಕಿದರೆ ಬಹಳ ಒಳ್ಳೆಯದು.

ಸೋರುತ್ತಿಲ್ಲ, ಆದರೆ ಗಿಡ ಸಾಯುತ್ತಿವೆ

ಮಾರ್ಚ್ ಕೊನೆಗೆ ಒಣಗಲು ಶುರುವಾದರೆ ಆಳ ಕಡಿಮೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಸಾಮಾನ್ಯ, ಛತ್ತಿನ ಮೈ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಎರಡು ಇಂಚು ಮಣ್ಣಿನಲ್ಲಿ ಬೇರು ಬೇಯುತ್ತದೆ. ನಾಲ್ಕು ಇಂಚು, ಮೇಲೆ ಒಣ ಹುಲ್ಲಿನ ಹೊದಿಕೆ ಬೇಕು. ತಂಪು ದೇಶಗಳ ಹಸಿರು ಮಾಳಿಗೆಗೆ ಹಾಕುವ ಸೀಡಮ್ ಗಿಡ ನಮ್ಮಲ್ಲಿ ಮೇ ದಾಟಲಿಲ್ಲ. ಹತ್ತು ಗಂಟೆ ಹೂವು, ಲೋಳೆಸರ ದಾಟಿದವು. ಮಳೆಗಾಲದಲ್ಲಿ ಮೆಂತ್ಯ, ರಾಜಗಿರಿ, ಪುಂಡಿ ಪಲ್ಯ ಚೆನ್ನಾಗಿ ಬರುತ್ತವೆ.

ಎಲೆಯ ತುದಿ ಸುಟ್ಟಂತಾಗಿ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದರೆ ಬೋರ್‌ವೆಲ್‌ನ ಗಡಸು ನೀರಿನ ಉಪ್ಪು. ದಿನಾ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದರಿಂದ ಇದು ಹೆಚ್ಚುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಹಿಡಿದಿಟ್ಟ ಮಳೆನೀರನ್ನು ಪೈಪಿನ ಬಾಯಿಯಿಂದ ಹೊರಬರುವಷ್ಟು ಒಮ್ಮೆ ಬಿಟ್ಟು ತೊಳೆಯಿರಿ.

ಬೇರಿನ ವಿಷಯದಲ್ಲಿ ದಯ ತೋರಿಸಬೇಡಿ. ಹಕ್ಕಿ ಹಿಕ್ಕೆಯಿಂದ ಅರಳಿ, ಆಲ, ಬೇವಿನ ಸಸಿ ಹುಟ್ಟುತ್ತಲೇ ಇರುತ್ತವೆ. ಎರಡು ಎಲೆ ಇದ್ದಾಗ ಚಿವುಟಿದರೆ ಮುಗಿಯಿತು. ಒಂದು ವರ್ಷ ಬಿಟ್ಟರೆ ಅರಳಿಯ ಬೇರು ಕೈಪಿಡಿ ಗೋಡೆಯ ಬಿರುಕಿಗೆ ಇಳಿದು, ಮೇಲೆ ಕತ್ತರಿಸಿದರೂ ಮತ್ತೆ ಚಿಗುರುತ್ತದೆ. ಗರಿಕೆಯನ್ನು ನಾನು ಹಾಕುವುದಿಲ್ಲ. ಅದರ ಗಂಟುಬೇರು ಹಾಳೆಯ ಪ್ರತಿ ಜೋಡಣೆಯನ್ನೂ ಹುಡುಕಿಕೊಂಡು ಹೋಗುತ್ತದೆ.

ರಿಪೇರಿ ಯಾವಾಗ

ಫೆಬ್ರವರಿ, ಮಾರ್ಚ್ ಒಳ್ಳೆಯದು. ಮೇ ತಿಂಗಳ ಮಧ್ಯಾಹ್ನ ಕಾದ ಸ್ಲ್ಯಾಬಿನ ಮೇಲೆ ವಾಟರ್‌ಪ್ರೂಫಿಂಗ್ ಬಳಿದರೆ ಹಿಡಿಯುವ ಮುಂಚೆಯೇ ಒಣಗಿ ಗುಳ್ಳೆ ಏಳುತ್ತದೆ. ಅನಿವಾರ್ಯವಾದರೆ ಬೆಳಿಗ್ಗೆ 8ರೊಳಗೆ ಮುಗಿಸಿ. ಮಿರಗಕ್ಕೆ ಹದಿನೈದು ದಿನ ಮೊದಲು ಪೈಪಿನ ಬಾಯಿ ತೆಗೆದು, ಎರಡು ಬಕೀಟು ನೀರು ಒಮ್ಮೆಲೇ ಸುರಿದು ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ನೋಡಿ. ಹೋದ ವರ್ಷಕ್ಕಿಂತ ನಿಧಾನವಾದರೆ ಕೆಸರು ತೆಗೆಯಿರಿ.

ಕೆಳಗಿನ ಕಲೆಗೆ ಮಾತ್ರ ಅವಸರ ಮಾಡಬೇಡಿ. ರಿಪೇರಿ ಆದ ಕೂಡಲೇ ಬಣ್ಣ ಬಳಿದರೆ, ಉಳಿದ ತೇವ ಅದನ್ನು ಎಬ್ಬಿಸುತ್ತದೆ. ಕೆಲಸ ಸರಿಯಾಯಿತೋ ಇಲ್ಲವೋ ತಿಳಿಯುವ ಗುರುತೂ ಅಳಿಸಿಹೋಗುತ್ತದೆ. ಒಂದು ಮಳೆಗಾಲ ಪೆನ್ಸಿಲ್ ಗೆರೆಗಳು ಹಾಗೇ ಇರಲಿ. ನಮ್ಮ ಛತ್ತಿನಲ್ಲಿ ಉತ್ತರಿ ಮಳೆ ಮೂರು ದಿನ ಹೊಡೆದ ಮೇಲೆ ಸ್ಟೂಲ್ ಹತ್ತಿ ಕೈ ಇಟ್ಟು ನೋಡಿದೆ. ಒಣಗಿತ್ತು. ಕೊನೆಯ ಗೆರೆಯ ಪಕ್ಕದಲ್ಲಿ ಆ ದಿನದ ತಾರೀಖನ್ನೂ ಬರೆದು, ದೀಪಾವಳಿಗೆ ಬಣ್ಣ ಬಳಿಸಿದೆ.